ರೈತರ ಮನೆಯ ಹಿರಿಯ: ಕರ್ಮವೀರ ಭಾವುರಾವ ಪಾಟೀಲರ ಸ್ಮರಣೆ



ಈ ನಗರದ ಕನ್ನಡ ಜೈನರ ಮನೆಗಳಲ್ಲಿ ಬಹುಮಟ್ಟಿಗೆ ಒಬ್ಬ ಅಜ್ಜನ ಭಾವಚಿತ್ರವಿರುತ್ತದೆ. ತಲೆಗೆ ರುಮಾಲು ಸುತ್ತಿದ ಆ ಹಿರಿಯರು ಶಿರೋಳದವರಿರಬಹುದು, ಚಿಕ್ಕೋಡಿ, ಅಥಣಿ, ರಾಯಬಾಗದ ಕಡೆಯವರಿರಬಹುದು. ಕೃಷ್ಣೆ, ಪಂಚಗಂಗೆ, ದೂಧಗಂಗೆಗಳ ದಂಡೆಯಲ್ಲಿ ಉತ್ತು ಬಿತ್ತಿದವರು. ಹೊತ್ತು ಮುಳುಗುವ ಮುನ್ನ ಉಂಡವರು. ಮಕ್ಕಳ ಓದಿಗೆಂದು ತಮ್ಮ ಹೊಟ್ಟೆ ಬಟ್ಟೆ ಕಟ್ಟಿದವರು. ಅಂಥ ರೈತ ಹಿರಿಯರನ್ನು ನೆನೆಯುವಾಗ ಅವರೊಡನೆ ನೆನೆಯಲೇಬೇಕಾದ ಹೆಸರು ಕರ್ಮವೀರ ಭಾವುರಾವ ಪಾಟೀಲರದು. 1959ರ ಮೇ 9ರಂದು ಅವರು ದೇಹ ಬಿಟ್ಟದ್ದು ಇದೇ ಪುಣೆಯಲ್ಲಿ. ಅದೇ ವರ್ಷ ಪುಣೆ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಿ.ಲಿಟ್. ಪದವಿಯನ್ನು ನೀಡಿತ್ತು, ಭಾರತ ಸರ್ಕಾರವು ಪದ್ಮಭೂಷಣವನ್ನಿತ್ತು ಗೌರವಿಸಿತ್ತು.

ಭಾವುರಾವರು ಹುಟ್ಟಿದ್ದು 1887ರ ಸೆಪ್ಟೆಂಬರ್ 22ರಂದು, ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ. ಮನೆತನ ಸಾಂಗಲಿ ಜಿಲ್ಲೆಯ ಐತವಡೆ ಬುದ್ರುಕದ್ದು. ಅದರ ಮೂಲ ಮೂಡುಬಿದಿರೆಯೆಂದು ಹೇಳುತ್ತಾರೆ. ತಂದೆ ಪಾಯಗೊಂಡ ಪಾಟೀಲರು, ತಾಯಿ ಗಂಗಾಬಾಯಿ. ಬೇಸಾಯದ ಮನೆತನ, ಜೈನ ಸಂಸ್ಕಾರ. ಭಗವಾನ್ ಆದಿನಾಥರು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿಗಳ ಬಳಿಕ ಕೃಷಿಯೂ ವಿದ್ಯೆಯೂ ಜೊತೆಜೊತೆಯಾಗಿ ಬರುತ್ತವೆ. ಕೃಷಿ ಇದ್ದ ಮನೆಗೆ ವಿದ್ಯೆಯನ್ನು ಮುಟ್ಟಿಸುವುದೇ ಭಾವುರಾವರ ಜೀವಿತಕಾರ್ಯವಾಯಿತು.

ಕೊಲ್ಹಾಪುರದಲ್ಲಿ ಓದುತ್ತಿದ್ದಾಗ ಅವರು ಜೈನ ಬೋರ್ಡಿಂಗಿನಲ್ಲಿದ್ದರು. ಅಸ್ಪೃಶ್ಯರೆನಿಸಿದ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭವೊಂದಕ್ಕೆ ಹೋಗಿ ಬಂದ ಅವರಿಗೆ, ಸ್ನಾನ ಮಾಡಿಯೇ ಒಳಗೆ ಬರಬೇಕೆಂಬ ಆಜ್ಞೆಯಾಯಿತು. ಅವರು ಒಪ್ಪಲಿಲ್ಲ. ಬೋರ್ಡಿಂಗಿನಿಂದ ಅವರನ್ನು ಹೊರಹಾಕಲಾಯಿತು. ಆಗ ಬೋರ್ಡಿಂಗಿನ ಮೇಲ್ವಿಚಾರಕರಾಗಿದ್ದವರು ಅಣ್ಣಾಸಾಹೇಬ ಲಠ್ಠೆಯವರು. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಹಿರಿಯ ನಾಯಕರು, ತಾವೂ ಸಮಾಜ ಸುಧಾರಕರು. ಸುಧಾರಕರ ಕೈಯಲ್ಲಿದ್ದ ಸಂಸ್ಥೆಗೂ ಅಂದು ಆ ಹೊಸ್ತಿಲನ್ನು ದಾಟಲು ಆಗಲಿಲ್ಲ.

ಕೆಲವು ವರ್ಷಗಳ ಬಳಿಕ, 1914ರಲ್ಲಿ, ಕೊಲ್ಹಾಪುರದಲ್ಲಿದ್ದ ಬ್ರಿಟಿಷ್ ರಾಜದಂಪತಿಗಳ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಆ ಮೊಕದ್ದಮೆಯಲ್ಲಿ ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷಿ ನುಡಿಯುವಂತೆ ಭಾವುರಾವರ ಮೇಲೆ ಒತ್ತಡ ಬಂತು. ತಮ್ಮನ್ನು ಹೊರಹಾಕಿದವರ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಬೇರೆ ಇರಲಿಲ್ಲ. ಭಾವುರಾವರು ಸೆರೆಮನೆಯ ಯಾತನೆಯನ್ನುಂಡರು, ಸುಳ್ಳಾಡಲಿಲ್ಲ. ಸತ್ಯಾಣುವ್ರತವೆಂದರೆ ಏನೆಂದು ಮಕ್ಕಳು ಕೇಳಿದಾಗ ಹೇಳಲು ಇದಕ್ಕಿಂತ ಹತ್ತಿರದ ಕಥೆ ಬೇಕಿಲ್ಲ.

ಮುಂದೆ ಅವರು ಹೊಟ್ಟೆಪಾಡಿಗಾಗಿ ಕಿರ್ಲೋಸ್ಕರರ ಕಬ್ಬಿಣದ ನೇಗಿಲುಗಳನ್ನು ಮಾರಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅಂಜುತ್ತಿದ್ದ ಕಾಲವದು. ಊರೂರು ತಿರುಗುವಾಗ ಅವರು ಕಂಡದ್ದು ಓದು ಬರಹವಿಲ್ಲದ ರೈತನನ್ನು: ಸಾಲದ ಕಾಗದದಲ್ಲಿ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಳ್ಳುತ್ತಿದ್ದವನನ್ನು. ಒಳ್ಳೆಯ ನೇಗಿಲು ಬೆಳೆಯನ್ನು ಹೆಚ್ಚಿಸೀತು, ಹೊಲವನ್ನು ಉಳಿಸಲಾರದು. ಅದಕ್ಕೆ ಅಕ್ಷರ ಬೇಕು. 1919ರಲ್ಲಿ ಕರಾಡ ತಾಲೂಕಿನ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. 1924ರಲ್ಲಿ ಅದು ಸಾತಾರೆಗೆ ಬಂತು.

ಸಾತಾರೆಯ ಅವರ ವಸತಿಗೃಹದಲ್ಲಿ ಎಲ್ಲ ಜಾತಿ ಮತಗಳ ಹುಡುಗರು ಒಂದೇ ಪಂಕ್ತಿಯಲ್ಲಿ ಉಂಡರು. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಬಂದು, ಅದಕ್ಕೆ ಛತ್ರಪತಿ ಶಾಹು ಬೋರ್ಡಿಂಗ್ ಎಂದು ನಾಮಕರಣವಾಯಿತು. ಹುಡುಗರು ದುಡಿದು ಓದಿದರು. ಹೊಲದ ಕೆಲಸ, ಅಡುಗೆ, ಕಟ್ಟಡದ ಕೆಲಸ ಎಲ್ಲವೂ ಅವರದೇ. ರೈತರ ಮನೆಯ ಹೆಂಗಸರು ಹಿಡಿ ಹಿಡಿ ಕಾಳನ್ನು ತೆಗೆದಿಟ್ಟು ಮುಷ್ಟಿಫಂಡಿಗೆ ಕೊಟ್ಟರು. ಬೋರ್ಡಿಂಗಿನಲ್ಲಿ ಕಾಳು ಮುಗಿದಾಗ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನು ಕೊಟ್ಟರು, ಕಡೆಗೆ ಮಂಗಳಸೂತ್ರವನ್ನೂ ಕೊಟ್ಟರು. ಆಹಾರದಾನವೂ ಶಾಸ್ತ್ರದಾನವೂ ಒಂದೇ ಸೂರಿನಡಿ ನಡೆದದ್ದು ಹೀಗೆ. ಆ ಮಕ್ಕಳೆಲ್ಲ ಭಾವುರಾವರನ್ನು ಅಣ್ಣಾ ಎಂದೇ ಕರೆಯುತ್ತಿದ್ದರು. 1947ರಲ್ಲಿ ಸಾತಾರೆಯಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾಯಿತು. ಗಾಂಧೀಜಿಯವರ ಹತ್ಯೆಯ ಬಳಿಕ, ಅವರ ಹೆಸರಿನಲ್ಲಿ 101 ಪ್ರೌಢಶಾಲೆಗಳನ್ನು ತೆರೆಯುವ ಸಂಕಲ್ಪವನ್ನು ಬಿಳಿಗಡ್ಡದ ಈ ಹಿರಿಯರು ತೊಟ್ಟರು. ಸಂಸ್ಥೆಯ ಲಾಂಛನ ಆಲದ ಮರ. ಅದರ ಬಿಳಲುಗಳು ಎಲ್ಲಿ ನೆಲ ಮುಟ್ಟಿದವೋ ಅಲ್ಲೊಂದು ಶಾಲೆ.

ಬಂಧುಗಳೇ, ಭಾವುರಾವರು ಜೈನರೆಂದು ಇಂದು ಸಮಾಜವು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಹೇಳಿಕೊಳ್ಳಲಿ. ಆದರೆ ಹೆಮ್ಮೆಗೂ ಒಂದು ಲೆಕ್ಕವಿದೆ. ಯಾವ ಬೋರ್ಡಿಂಗು ಅವರನ್ನು ಹೊರಹಾಕಿತೋ ಅಂಥ ಬೋರ್ಡಿಂಗುಗಳ ಪಂಕ್ತಿ ಇಂದು ಎಷ್ಟು ಉದ್ದವಾಗಿದೆ? ಸಮಾಜದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕುಲವನ್ನು ಕೇಳುವ ಅಂಕಣವಿದೆ. ಅಜ್ಜನ ಹೊಲದಲ್ಲಿ ಕಳೆ ಕಿತ್ತ ಆಳಿನ ಮೊಮ್ಮಗಳು ಆ ಅಂಕಣದಲ್ಲಿ ಏನೆಂದು ಬರೆಯಬೇಕು? ಜಾತಿ ಗಣತಿ, ಮೀಸಲಾತಿ, ಅಲ್ಪಸಂಖ್ಯಾತರ ಸವಲತ್ತುಗಳ ಕುರಿತು ಸಮಾಜದಲ್ಲಿ ದೊಡ್ಡ ದನಿಯ ಚರ್ಚೆಗಳಾಗುತ್ತವೆ. ಪಡೆಯುವುದರ ಚರ್ಚೆಯ ಜೊತೆಗೆ ಕೊಡುವುದರ ಚರ್ಚೆಯೂ ನಡೆದರೆ ಮಾತ್ರ ಅದಕ್ಕೆ ತೂಕ ಬಂದೀತು.

ಪುಣೆಯ ಮನೆಗಳಲ್ಲಿರುವ ಅಜ್ಜಂದಿರ ಹೊಲ ಹಂಚಿ ಹಂಚಿ ಗುಂಟೆಗಳಿಗೆ ಇಳಿದಿದೆ. ಕೆಲವದು ಮಾರಾಟವೂ ಆಗಿದೆ. ಮೊಮ್ಮಕ್ಕಳ ಪಾಲಿಗೆ ಹಂಚಿದರೂ ಕರಗದೆ ಉಳಿದಿರುವುದು ವಿದ್ಯೆಯೊಂದೇ. ಆ ವಿದ್ಯೆಯ ಹಿಂದೆ ಮನೆಯ ಅಜ್ಜನ ಬೆವರಿದೆ. ಹೆಸರೇ ತಿಳಿಯದ ಎಷ್ಟೋ ಮನೆಗಳ ಹಿಡಿಕಾಳೂ ಇದೆ. ಅಜ್ಜನ ಪುಣ್ಯತಿಥಿಯಂದು ನೆಂಟರಿಷ್ಟರಿಗೆ ಬಡಿಸುವ ಊಟದ ಜೊತೆಗೆ, ಅದೇ ಊರಿನ ಒಂದು ಕೂಲಿ ಮನೆಯ ಮಗುವಿನ ವರ್ಷದ ಶುಲ್ಕವನ್ನು, ಅದರ ಕುಲವನ್ನು ಕೇಳದೆ, ಕಟ್ಟಲಿ. ಹೊಲ ಉತ್ತ ಅಜ್ಜನಿಗೂ, ಶಾಲೆ ಕಟ್ಟಿದ ಅಣ್ಣಾನಿಗೂ ಸಲ್ಲುವ ನಮನ ಅದೇ.

ಜಯ ಜಿನೇಂದ್ರ.