ಕುಡಿದವನ ಕೈಗೆ ಗಾಡಿ ಬೇಡ



ಕೊಡಗಿಗೆ ಇಂದಿಗೂ ರೈಲಿಲ್ಲ. ಕಾಫಿ ಮೂಟೆ ಹೋಗುವುದೂ ರಸ್ತೆಯಲ್ಲೇ, ಅಂಗಡಿಗೆ ಅಕ್ಕಿ ಬೇಳೆ ಬರುವುದೂ ರಸ್ತೆಯಲ್ಲೇ. ತೋಟದ ಕೆಲಸಗಾರರು ಜೀಪು ಹತ್ತಿ ಹೋಗುವುದೂ, ನಮ್ಮ ಮಕ್ಕಳು ಅಂಚು ಹಿಡಿದು ಶಾಲೆಗೆ ನಡೆಯುವುದೂ ಅದೇ ರಸ್ತೆಯಲ್ಲಿ. ಆದುದರಿಂದ ಕುಡಿದು ಓಡಿಸುವುದು, ಮಿತಿಮೀರಿ ಓಡಿಸುವುದು ಪೊಲೀಸರಿಗೆ ಬಿಟ್ಟ ವಿಷಯವಲ್ಲ. ನಮ್ಮ ಜೀವದ ಪ್ರಶ್ನೆ.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಅಪಘಾತಗಳು ಹೆಚ್ಚಿದಾಗ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಪಕ್ಕದ ರಸ್ತೆಗೆ ಇಳಿಸಿದರು. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ. ಆ ವೇಗಕ್ಕೆ ಪಳಗಿದ ಕಾಲು ಶನಿವಾರ ಕುಶಾಲನಗರ ದಾಟಿ ನಮ್ಮ ತಿರುವುಗಳಿಗೆ ಬರುತ್ತದೆ. ವೇಗ ಎರಡು ಪಟ್ಟಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಕುಡಿದವನಿಗೆ ಕಾಲು ಬ್ರೇಕಿಗೆ ಹೋಗುವುದೇ ತಡ. ಸಂಪಾಜೆ ಘಟ್ಟದ ಮಳೆ, ಮಂಜಿನಲ್ಲಿ ಆ ತಡಕ್ಕೆ ಕ್ಷಮೆಯಿಲ್ಲ.

ಕಾನೂನು ಇಲ್ಲವೇ? ಇದೆ. 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ 10,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಆದರೆ ಆ ದಂಡ ಧನಿಕನಿಗೆ ರೆಸಾರ್ಟಿನ ಒಂದೆರಡು ರಾತ್ರಿಯ ಬಾಡಿಗೆ. ಕೂಲಿಯ ಚಾಲಕನಿಗೆ ಮನೆಮಂದಿಯ ಅನ್ನ.

ಇನ್ನೊಂದು ಕಾನೂನೂ ಇತ್ತು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಎನ್ನುತ್ತಿತ್ತು. ಚಾಲಕನ ಉಸಿರನ್ನು ಅಳೆಯುವ ಯಂತ್ರ ಬಂದಿದೆ. ಅವನ ದುಡಿಮೆಯ ಗಂಟೆಯನ್ನು ಅಳೆಯುವವರು ಎಲ್ಲಿ? ಟ್ರಿಪ್ಪಿಗೆ ಇಷ್ಟೆಂದು ಕೂಲಿ ಕಟ್ಟುವ ಮಾಲೀಕ, ವೇಗಕ್ಕೇ ಬಹುಮಾನ ಕೊಟ್ಟಂತಾಯಿತು.

ಸರ್ಕಾರದ ಮಾತೇನು? 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರು ಒಳಗೆ ಮದ್ಯ ಮಾರಬಾರದೆಂದಿತು. ಮರುವರ್ಷ ಪಟ್ಟಣಗಳಿಗೆ ಸಡಿಲಿಕೆ ಸಿಕ್ಕಿತು. ಒಂದು ಕೈಯಲ್ಲಿ ಅಬಕಾರಿ ವರಮಾನ, ಇನ್ನೊಂದು ಕೈಯಲ್ಲಿ ದಂಡದ ರಸೀತಿ!

ಹಾಗೆಂದು ನಮ್ಮವರ ತಪ್ಪನ್ನು ನಾವು ಮುಚ್ಚಿಡುವುದಿಲ್ಲ. ದಣಿವು, ಬಡತನ ಯಾವುದೂ ಇನ್ನೊಬ್ಬ ಬಡವನ ಮೇಲೆ ಗಾಡಿ ಹಾಯಿಸಲು ಪರವಾನಗಿಯಲ್ಲ. ಕುಡಿದ ಸಂಗಾತಿಯ ಕೈಯಿಂದ ಕೀಲಿ ಕಿತ್ತುಕೊಳ್ಳುವುದು ದ್ರೋಹವಲ್ಲ, ಸಂಘಧರ್ಮ. ವರ್ತಕ ಮಿತ್ರರೇ, ಬೆಳಗಾಗುವುದರೊಳಗೆ ಸರಕು ಬರಲೇಬೇಕೆಂದು ಚಾಲಕನನ್ನು ಅಟ್ಟಬೇಡಿ; ಇರುಳು ಬಂದವನಿಗೆ ಮಲಗಲು ಒಂದು ಮೂಲೆ ಕೊಡಿ.

ನಮ್ಮ ಬೇಡಿಕೆ ಮೂರು: ಕಾರಿರಲಿ, ಲಾರಿಯಿರಲಿ, ಎಲ್ಲರಿಗೂ ಒಂದೇ ತಪಾಸಣೆ, ಟ್ರಿಪ್ಪಿನ ಕೂಲಿ ಹೋಗಿ ತಿಂಗಳ ಸಂಬಳ, ನಡೆಯುವವರಿಗೆ ರಸ್ತೆಯಂಚಿನಲ್ಲಿ ಕಾಲುದಾರಿ. ಇವನ್ನು ಪಡೆಯುವ ತನಕ ಕೇಳುತ್ತಲೇ ಇರೋಣ. ಕೀಲಿಯ ವಿಷಯ ಮಾತ್ರ ಯಾರನ್ನೂ ಕೇಳಬೇಕಿಲ್ಲ. ಅದನ್ನು ಈ ರಾತ್ರಿಯಿಂದಲೇ ನಡೆಸೋಣ.