ನಿಯಮ ಎಲ್ಲರದು, ಅಂಗಡಿ ಒಬ್ಬರದು

ನಮ್ಮ ಮರಳೂರಿನ ಸುತ್ತಿನ ತೆಂಗಿನ ಬೆಳೆಗಾರರಿಗೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಹೊಸದಲ್ಲ. ಹತ್ತು ಮಂದಿ ವರ್ತಕರು ಕೂಗಿದಾಗಿನ ಧಾರಣೆ ಒಂದು. ಒಬ್ಬನೇ ಕೂಗಿದಾಗಿನ ಧಾರಣೆ ಮತ್ತೊಂದು. ಕೊಳ್ಳುವವರಲ್ಲಿ ಪೈಪೋಟಿಯಿಲ್ಲದಿದ್ದರೆ ಮಾರುವವನಿಗೆ ನಷ್ಟ. ಮಾರುವವರಲ್ಲಿಯೇ ಪೈಪೋಟಿಯಿಲ್ಲದಿದ್ದರೆ? ಇದನ್ನು ವಿಚಾರಿಸಲು ಬೆಂಗಳೂರಿನ ಒಂದು ಯಂತ್ರವನ್ನು ನೋಡೋಣ.

ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ವೆಂಬ ಮಹಾಗಣಕ ಸ್ಥಾಪಿತವಾಯಿತು. ಅದಕ್ಕೆ ತೊಡಗಿದ್ದು ಸಾರ್ವಜನಿಕರ ಹಣ. ಅದು ನೂರಾರು ಗಣಕಗಳ ಕೂಟ. ಮಾಹಿತಿಯನ್ನಿಡಲು 4 ಪೆಟಾಬೈಟಿನ ಉಗ್ರಾಣ ಬೇರೆ ಇದೆ. ಇವುಗಳ ನಡುವೆ ತಂತಿ, ಸ್ವಿಚ್ಚುಗಳ ದಾರಿ. ದಾರಿ ಇಕ್ಕಟ್ಟಾದರೆ, ಕೊಬ್ಬರಿ ಬಾರದೆ ನಿಂತ ಗಾಣದಂತೆ, ಎಂತಹ ಗಣಕವೂ ಸುಮ್ಮನೆ ಕಾಯಬೇಕಾಗುತ್ತದೆ.

ಆ ದಾರಿಯ ಹೆಸರು ಇನ್ಫಿನಿಬ್ಯಾಂಡ್. ಅದರ ನಿಯಮಗಳನ್ನು ರೂಪಿಸಲು 1999ರಲ್ಲಿ ಹಲವು ಕಂಪನಿಗಳು ಕೂಡಿ ಸಂಘ ಕಟ್ಟಿದವು. ನಿಯಮ ಬಹಿರಂಗ, ಯಾರು ಬೇಕಾದರೂ ಉಪಕರಣ ತಯಾರಿಸಬಹುದು. ಆದರೆ ಆದದ್ದೇನು? ಇಂಟೆಲ್ ಕಂಪನಿ 2002ರಲ್ಲಿ ಹಿಂದೆ ಸರಿಯಿತು. 2012ರಲ್ಲಿ ಕ್ಯೂಲಾಜಿಕ್ ಕಂಪನಿಯ ಈ ವ್ಯವಹಾರವನ್ನು ಕೊಂಡು ಮರಳಿ ಬಂದು, ‘ಓಮ್ನಿಪಾತ್’ ಎಂಬ ಬೇರೆ ದಾರಿಯನ್ನೇ ಹೂಡಿ, 2019ರಲ್ಲಿ ಅದನ್ನೂ ಕೈಬಿಟ್ಟಿತು. ಇನ್ಫಿನಿಬ್ಯಾಂಡಿನ ಕಣದಲ್ಲಿ ಮೆಲ್ಲನಾಕ್ಸ್ ಎಂಬ ಕಂಪನಿಯೇ ಮುಂದಾಳಾಗಿ ಉಳಿಯಿತು. 2020ರಲ್ಲಿ ಎನ್‌ವಿಡಿಯಾ ಅದನ್ನು ಸುಮಾರು 700 ಕೋಟಿ ಡಾಲರಿಗೆ ಕೊಂಡಿತು. ಎನ್‌ವಿಡಿಯಾ ಲೆಕ್ಕ ಮಾಡುವ ಚಿಪ್ಪುಗಳನ್ನೂ ಮಾರುವ ಸಂಸ್ಥೆ. ಗಾಣ ಮಾರುವವನೇ ಗಾಣದ ದಾರಿಯನ್ನೂ ಮಾರತೊಡಗಿದಂತಾಯಿತು.

ಒಬ್ಬನಲ್ಲಿಯೇ ಕೊಳ್ಳುವುದರಲ್ಲಿ ಗುಣವೂ ಉಂಟು. ಭಾಗಗಳು ಒಂದಕ್ಕೊಂದು ಹೊಂದುತ್ತವೆ. ಕೆಟ್ಟರೆ ‘ದೋಷ ನಮ್ಮದಲ್ಲ, ಅವರದು’ ಎಂಬ ವಾದಕ್ಕೆ ಎಡೆಯಿಲ್ಲ. ಆದರೆ ನಾಳೆ ಯಂತ್ರವನ್ನು ವಿಸ್ತರಿಸಹೊರಟಾಗ ಬೆಲೆ ಹೇಳುವವನೂ ಅವನೊಬ್ಬನೇ.

ಪ್ರತಿಸ್ಪರ್ಧಿಗಳು ಕೈಕಟ್ಟಿ ಕುಳಿತಿಲ್ಲ. ಕಚೇರಿಗಳಲ್ಲಿ ರೂಢಿಯಲ್ಲಿರುವ ಈಥರ್‌ನೆಟ್ಟನ್ನೇ ಈ ಕೆಲಸಕ್ಕೆ ಹದಗೊಳಿಸಲು ಎಎಂಡಿ, ಬ್ರಾಡ್‌ಕಾಮ್, ಸಿಸ್ಕೊ, ಇಂಟೆಲ್ ಮೊದಲಾದವು 2023ರಲ್ಲಿ ‘ಅಲ್ಟ್ರಾ ಈಥರ್‌ನೆಟ್’ ಸಂಘವನ್ನು ಸ್ಥಾಪಿಸಿ, 2025ರಲ್ಲಿ ಮೊದಲ ನಿಯಮಾವಳಿಯನ್ನು ಹೊರತಂದವು. ಆದರೆ ನಿಯಮ ಬಹಿರಂಗವಾದ ಮಾತ್ರಕ್ಕೆ ಅಂಗಡಿಗಳು ಹೆಚ್ಚುವುದಿಲ್ಲವೆಂಬುದನ್ನು ಇನ್ಫಿನಿಬ್ಯಾಂಡಿನ ಚರಿತ್ರೆಯೇ ತಿಳಿಸುತ್ತದೆ.

ಆದುದರಿಂದ ಸಾರ್ವಜನಿಕ ಹಣದಿಂದ ಕೊಳ್ಳುವವರು ಟೆಂಡರಿನಲ್ಲಿಯೇ ಎರಡು ಮಾತು ಕೇಳಬೇಕು: ‘ಬೇರೊಬ್ಬರ ಉಪಕರಣದೊಡನೆ ನಿಮ್ಮದು ಕೆಲಸ ಮಾಡುವುದನ್ನು ತೋರಿಸಿರಿ, ಐದು ವರ್ಷದ ಮೇಲೆ ಬೇಕಾಗುವ ಬಿಡಿಭಾಗದ ಬೆಲೆಯನ್ನು ಈಗಲೇ ಬರೆದುಕೊಡಿರಿ.’ ತಮ್ಮ ಮನೆಯ ಮಕ್ಕಳು ಬೆಂಗಳೂರಿನ ಇಂತಹ ಕಚೇರಿಗಳಲ್ಲಿದ್ದರೆ, ಈ ಎರಡು ಪ್ರಶ್ನೆಗಳನ್ನು ಅವರ ಕಿವಿಗೂ ಹಾಕಿರೆಂದು ಅರಿಕೆ ಮಾಡಿ ವಿರಮಿಸುತ್ತೇನೆ.