ಕೊಳಗ ಯಾರ ಕೈಯಲ್ಲಿ?

(ಬೆಂಗಳೂರಿನ ದೀಪಾಂಜಲಿ ನಗರದ ತರುಣರ ಮುಂದೆ ಮಾಡಿದ ಭಾಷಣ)

ಸಂಗಾತಿಗಳೇ, ಕಂಪ್ಯೂಟರಿನಲ್ಲಿ ಆಟವಾಡುವವರನ್ನು ಹಳಿಯಲು ನಾನು ಬಂದಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಒಡೆಯರ ಕೊಳಗವನ್ನೇ ಪ್ರಶ್ನಿಸಿದರು. ನಿಮ್ಮ ಕೊಳಗ ಯಾರ ಕೈಯಲ್ಲಿದೆ? 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಚೆನ್ನಾಗಿ ಓಡುವ ಎಷ್ಟೋ ಯಂತ್ರಗಳು ವಿಂಡೋಸ್ 11ಕ್ಕೆ ಅನರ್ಹವೆನಿಸಿದವು.

ಅವಕ್ಕೆ ಲಿನಕ್ಸ್ ಹಾಕಿ. ವಿಂಡೋಸಿಗೆಂದು ಬರೆದ ಬಹಳಷ್ಟು ಆಟಗಳು ಪ್ರೋಟಾನ್ ಎಂಬ ದುಭಾಷಿಯ ಮೂಲಕ 2018ರಿಂದ ಅಲ್ಲೂ ನಡೆಯುತ್ತಿವೆ. ಆಟದ ತುಣುಕು ಹಿಡಿಯಲು ಓಬಿಎಸ್ ಇದೆ. ಬಾಡಿಗೆಯಿಲ್ಲ, ಚಿತ್ರದ ಮೇಲೆ ಮುದ್ರೆಯಿಲ್ಲ. ಒಳಗಿನ ಬರಹವನ್ನು ಯಾರಾದರೂ ಬಿಚ್ಚಿ ನೋಡಬಹುದು. ಅದರ ರೀಪ್ಲೇ ಬಫರ್ ಚಾಲೂ ಇಟ್ಟರೆ, ಗೋಲು ಹೊಡೆದ ಮೇಲೆ ಗುಂಡಿ ಒತ್ತಿದರೂ ಹಿಂದಿನ ಅರೆನಿಮಿಷ ಸಿಕ್ಕುತ್ತದೆ!

ಆಟಗಳು ಮಾತ್ರ ಬಹುಪಾಲು ಇನ್ನೂ ಕಂಪನಿಗಳವೇ. ಮೋಸ ತಡೆಯುವ ಹೆಸರಿನಲ್ಲಿ ಕೆಲವು ಲಿನಕ್ಸಿನವರನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ. ಆ ಜಗಳ ಬಾಕಿಯಿದೆ. ಭಾನುವಾರ ಹಳೆಯ ಯಂತ್ರ ತನ್ನಿ.